ಗುಡುಗು ಕೇಳಿದಾಗ ಕೆಲಸ ನಿಲ್ಲಲಿ, ಕೂಲಿ ನಿಲ್ಲದಿರಲಿ

‘ಗಾಳಿ ಮಳೆಗೆ ಯಾರೇನು ಮಾಡೋಕಾಗುತ್ತೆ?’ ಕೆಲಸದ ಜಾಗದಲ್ಲಿ ಆಳೊಬ್ಬ ಬಿದ್ದು ಕಾಲು ಮುರಿದುಕೊಂಡಾಗ, ಸಿಡಿಲಿನ ಹೊಡೆತಕ್ಕೆ ಕಿವಿ ಮಂದವಾದಾಗ, ಬಿಸಿಲಿಗೆ ತಲೆ ಸುತ್ತಿ ಸಾರುವೆಯಿಂದ ಉರುಳಿದಾಗ ನಮ್ಮ ಕಡೆ ಮೊದಲು ಬರುವ ಮಾತು ಇದು. ಗುತ್ತಿಗೆದಾರರೂ ಇದನ್ನೇ ಅನ್ನುತ್ತಾರೆ, ಮನೆ ಕಟ್ಟಿಸುವವರೂ ಇದನ್ನೇ ಅನ್ನುತ್ತಾರೆ. ಕೊನೆಗೆ ಗಾಯಗೊಂಡವನ ಹೆಂಡತಿಯೂ ಹಣೆಬರಹ ಅಂದು ಸುಮ್ಮನಾಗುತ್ತಾಳೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಮಳೆ ಯಾವಾಗ ಬರಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ, ನಿಜ. ಮಳೆ ಬಂದಾಗ ಆಳು ತಾರಸಿಯ ಮೇಲಿರಬೇಕೋ ಕೆಳಗಿಳಿಯಬೇಕೋ ಅನ್ನುವುದನ್ನು ತೀರ್ಮಾನಿಸುವವನು ಮನುಷ್ಯನೇ.

ನಾನು ದೊಡ್ಡಮಳೂರಿನವನು. ಬಾಂಡ್ಲಿ ಹೊರುವ ಹುಡುಗನಾಗಿ ಗಾರೆ ಕೆಲಸಕ್ಕೆ ಸೇರಿ, ಮೇಸ್ತ್ರಿಯಾಗಿ, ಈಗ ಮಂಡಿ ನೋವಿನಿಂದ ಏಣಿ ಹತ್ತುವುದನ್ನು ಬಿಟ್ಟಿದ್ದೇನೆ. ನಮ್ಮೂರಿನ ಅಪ್ರಮೇಯ ಸ್ವಾಮಿ ಗುಡಿಯನ್ನು ಮರಳಿನ ಮೇಲೆ, ಅಡಿಪಾಯವೇ ಇಲ್ಲದೆ ಕಟ್ಟಿದ್ದಾರೆ ಎಂದು ಹಿರಿಯರು ಹೇಳುತ್ತಾರೆ. ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊರಲು ಬಂದವರಿಗೆಲ್ಲ ಆ ಕಥೆ ಗೊತ್ತು. ಆ ಕಲ್ಲುಗಳನ್ನು ಎತ್ತಿ ಕೂರಿಸಿದ ಆಳುಗಳಲ್ಲಿ ಎಷ್ಟು ಜನ ಬಿದ್ದರೋ ಯಾವ ಶಾಸನವೂ ಹೇಳುವುದಿಲ್ಲ. ನೂರಾರು ವರ್ಷಗಳ ನಂತರವೂ ಗಾಯಗೊಂಡ ಆಳಿನ ಲೆಕ್ಕ ಬರೆಯುವ ಪುಸ್ತಕ ನಮ್ಮಲ್ಲಿ ಇಲ್ಲ ಅನ್ನುವುದು ನನ್ನ ತಕರಾರು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಚನ್ನಪಟ್ಟಣದ ಸುತ್ತ ಲೇಔಟುಗಳೂ ಮನೆಗಳೂ ಏಳುತ್ತಲೇ ಇವೆ. ಜಿಲ್ಲೆಯ ಹೆಸರೂ ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಆಯಿತು. ಈ ಮನೆಗಳ ಕೆಲಸಕ್ಕೆ ನಮ್ಮ ತಾಲ್ಲೂಕಿನವರಷ್ಟೇ ಅಲ್ಲ, ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರೂ ಬಿಹಾರ, ಒಡಿಶಾದ ಹುಡುಗರೂ ಬರುತ್ತಾರೆ. ಅವರೆಲ್ಲ ಅತಿ ಹೆಚ್ಚು ದುಡಿಯುವ ತಿಂಗಳು ಯಾವುದು ಗೊತ್ತೇ? ಏಪ್ರಿಲ್ ಮತ್ತು ಮೇ. ಆಷಾಢ ಬರುವುದರೊಳಗೆ ಗೃಹಪ್ರವೇಶ ಮುಗಿಯಬೇಕು, ಮುಂಗಾರು ಹಿಡಿಯುವುದರೊಳಗೆ ತಾರಸಿ ಬೀಳಬೇಕು ಎಂದು ಎಲ್ಲರಿಗೂ ಆತುರ. ನಮ್ಮ ಸೀಮೆಯಲ್ಲಿ ಗುಡುಗು, ಸಿಡಿಲು, ಆಲಿಕಲ್ಲು, ಬಿರುಗಾಳಿ ಬರುವುದೂ ಅದೇ ಎರಡು ತಿಂಗಳಲ್ಲಿ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲ ಅದು. ಮೋಲ್ಡ್ ಹಾಕಲು ಮುಹೂರ್ತ ನೋಡುವ ಪಂಚಾಂಗದಲ್ಲೇ ಮಳೆ ನಕ್ಷತ್ರವೂ ಅಚ್ಚಾಗಿರುತ್ತದೆ. ಮನೆಯವರು ಮುಹೂರ್ತದ ಪುಟವನ್ನು ಮಾತ್ರ ತೆಗೆಯುತ್ತಾರೆ.

ಮೋಲ್ಡ್ ಹಾಕುವ ದಿನ ಹೇಗಿರುತ್ತದೆ ಎಂದು ಮನೆ ಕಟ್ಟಿಸದವರಿಗೆ ಹೇಳಬೇಕು. ಬೆಳಗ್ಗೆ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಮಿಕ್ಸರ್, ಲಿಫ್ಟ್, ವೈಬ್ರೇಟರ್ ಬಾಡಿಗೆಗೆ ಬಂದಿರುತ್ತವೆ. ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಲ್ಲುತ್ತಾರೆ. ಮೇಲೆ ಹಾಸಿದ ಕಬ್ಬಿಣದ ಜಾಲರಿಯ ಮೇಲೆ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ನಡೆಯಬೇಕು. ಪಿಲ್ಲರ್ ಕಂಬಿಗಳು ತಲೆಗಿಂತ ಎತ್ತರಕ್ಕೆ ಆಕಾಶದ ಕಡೆ ಚಾಚಿರುತ್ತವೆ. ಸಿಮೆಂಟಿಗೆ ನೀರು ಬಿದ್ದ ಕ್ಷಣದಿಂದ ಗಡಿಯಾರ ಓಡಲು ಶುರು. ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಸುರಿದು, ತಟ್ಟಿ, ಮಟ್ಟ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಭಾಗ ತುಂಬಿರುತ್ತದೆ, ಕೆಳಗೆ ಬಾಡೂಟ ಬೇಯುತ್ತಿರುತ್ತದೆ. ಅಷ್ಟರಲ್ಲಿ ಸೆಕೆ ಹೆಚ್ಚಿ, ಗಾಳಿ ನಿಂತು, ಆಕಾಶ ಕಪ್ಪಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಬೇಗ ಬೇಗ, ಮಳೆ ಬರೋದ್ರೊಳಗೆ ಮುಗಿಸಿ.’

ಇಳಿಯಬೇಕಾದ ಹೊತ್ತಿನಲ್ಲಿ ವೇಗ ಹೆಚ್ಚುತ್ತದೆ. ನಾನು ನೋಡಿದ ಅಪಘಾತಗಳಲ್ಲಿ ಬಹುಪಾಲು ಆಗಿದ್ದು ಆ ಅರ್ಧ ಗಂಟೆಯಲ್ಲಿ.

ಅಂಥದ್ದೊಂದನ್ನು ಹೇಳುತ್ತೇನೆ. ಹೆದ್ದಾರಿ ಕಡೆಯ ಒಂದು ಕಟ್ಟಡದಲ್ಲಿ ನಾನು ಗುತ್ತಿಗೆದಾರರೊಬ್ಬರ ಕೈಕೆಳಗೆ ಮೇಸ್ತ್ರಿಯಾಗಿದ್ದೆ. ಮೇ ತಿಂಗಳ ಮಧ್ಯಾಹ್ನ. ಒಂದು ತುದಿಯಲ್ಲಿ ಕಾಂಕ್ರೀಟ್ ಬೀಳುತ್ತಿತ್ತು, ಇನ್ನೊಂದು ತುದಿಯಲ್ಲಿ ಸೆಂಟ್ರಿಂಗ್ ತಗಡು ಜೋಡಿಸುವುದು ಇನ್ನೂ ಸ್ವಲ್ಪ ಉಳಿದಿತ್ತು. ಗಾಳಿ ಎದ್ದಾಗ ಎಲ್ಲರನ್ನೂ ಇಳಿಸೋಣ ಅಂದೆ. ಇನ್ನೊಂದು ಲೋಡು ದಾರಿಯಲ್ಲಿದೆ, ಅದನ್ನು ಎಲ್ಲಿ ಸುರಿಯಲಿ ಎಂದು ಗುತ್ತಿಗೆದಾರರು ಫೋನಿನಲ್ಲೇ ರೇಗಿದರು. ಯಾದಗಿರಿ ಕಡೆಯ ಹುಡುಗನೊಬ್ಬ ಅಗಲವಾದ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಲ್ಲಿ ನಿಂತಿದ್ದ. ಒಂದು ಬೀಸಿಗೆ ಗಾಳಿ ತಗಡನ್ನು ಗಾಳಿಪಟದಂತೆ ಎತ್ತಿತು. ಅವನು ಕೈ ಬಿಡಲಿಲ್ಲ. ತಗಡು ಹಾರಿ ಕೆಳಗಿದ್ದವರ ಮೇಲೆ ಬಿದ್ದರೆ ಎಂಬ ಭಯಕ್ಕೆ ಬಿಡಲಿಲ್ಲವಂತೆ, ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ. ತಗಡಿನ ಜೊತೆಗೇ ಒಂದಂತಸ್ತು ಕೆಳಗೆ ಹೋದ. ಸೊಂಟದ ಮೂಳೆ, ಬಲಗಾಲಿನ ಹರಡು ಎರಡೂ ಮುರಿದಿದ್ದವು.

ಗುತ್ತಿಗೆದಾರರು ಕೆಟ್ಟವರಲ್ಲ. ಮೊದಲ ದಿನದ ಆಸ್ಪತ್ರೆ ಖರ್ಚು ಕೊಟ್ಟರು, ಕೈಗೆ ಒಂದಷ್ಟು ದುಡ್ಡಿಟ್ಟರು, ‘ದೇವರು ಮುನಿದರೆ ನಾವೇನು ಮಾಡೋಣ’ ಅಂದರು. ಹುಡುಗನ ಅಣ್ಣ ಬಂದು ರೈಲಿನಲ್ಲಿ ಊರಿಗೆ ಕರೆದುಕೊಂಡು ಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಅರ್ಧ ದಿನ ಎಂದು ಬರೆದಿತ್ತು. ಶನಿವಾರದ ಬಟವಾಡೆಯಲ್ಲಿ ಆ ಅರ್ಧ ದಿನದ ಕೂಲಿಯೂ ಲೆಕ್ಕಕ್ಕೆ ಬಂತು. ಅಲ್ಲಿಗೆ ಮುಗಿಯಿತು.

ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯಬಾರದಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕೇಳುವುದು ಗಾಯ ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಆಯಿತೇ ಎಂದು. ಧಣಿಯ ತಪ್ಪು ಎಷ್ಟು ಎಂದು ಅದು ತೂಗುತ್ತಾ ಕೂರುವುದಿಲ್ಲ. ಮೂರು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಂತೆ ಗಾಯವಾದರೆ ಪರಿಹಾರದ ಹಕ್ಕು ಹುಟ್ಟುತ್ತದೆ. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂದರೂ ಆ ಅಳತೆಗೋಲು ಬದಲಾಗಿಲ್ಲ.

‘ದೇವರ ಆಟ’ ಅನ್ನುವ ವಾದವನ್ನು ಸುಪ್ರೀಂ ಕೋರ್ಟು ಕಾಲು ಶತಮಾನದ ಹಿಂದೆಯೇ ಕೇಳಿ ತಳ್ಳಿಹಾಕಿದೆ. ರಾಜಸ್ಥಾನ ಸರ್ಕಾರ ಮತ್ತು ರಾಮ್ ಪ್ರಸಾದ್ ಎಂಬುವರ ನಡುವಿನ ಪ್ರಕರಣ ಅದು. ಕೆಲಸದ ಜಾಗದಲ್ಲಿ ದುಡಿಯುತ್ತಿದ್ದ ಮಹಿಳೆಯೊಬ್ಬರು ಸಿಡಿಲು ಬಡಿದು ಸತ್ತಿದ್ದರು. ಸಿಡಿಲು ದೈವಿಕ, ಅದಕ್ಕೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ವಾದಿಸಲಾಯಿತು. ಆ ಜಾಗದಲ್ಲಿ ಆ ಹೊತ್ತಿಗೆ ಆಕೆ ಇದ್ದದ್ದೇ ಕೆಲಸದ ಕಾರಣಕ್ಕೆ, ಆ ಅಪಾಯಕ್ಕೆ ಒಡ್ಡಿದ್ದು ಕೆಲಸವೇ ಎಂದು ನ್ಯಾಯಾಲಯ ಪರಿಹಾರವನ್ನು ಎತ್ತಿಹಿಡಿಯಿತು. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡಿನಲ್ಲಿ 1904ರಲ್ಲೇ ಇಂಥ ತೀರ್ಪಿದೆ. ಇಪ್ಪತ್ತಮೂರು ಅಡಿ ಎತ್ತರದ ಸಾರುವೆಯ ಮೇಲೆ ಇಟ್ಟಿಗೆ ಕಟ್ಟುತ್ತಿದ್ದವನಿಗೆ ಸಿಡಿಲು ಹೊಡೆದಿತ್ತು. ನೆಲದ ಮೇಲೆ ನಿಂತವನಿಗಿಂತ ಅಷ್ಟೆತ್ತರದಲ್ಲಿ ನಿಂತವನಿಗೆ ಅಪಾಯ ಹೆಚ್ಚು, ಅಲ್ಲಿ ನಿಲ್ಲಿಸಿದ್ದು ಕೆಲಸ, ಆದ್ದರಿಂದ ಪರಿಹಾರ ಕೊಡಬೇಕು ಎಂದರು ಅಲ್ಲಿನ ನ್ಯಾಯಾಧೀಶರು. ಅವನೂ ನನ್ನಂತೆ ಇಟ್ಟಿಗೆಯವನು. ನೂರಿಪ್ಪತ್ತು ವರ್ಷ ಹಳೆಯ ಈ ನ್ಯಾಯ ನಮ್ಮ ಚನ್ನಪಟ್ಟಣದ ಸೈಟುಗಳಿಗೆ ಇನ್ನೂ ತಲುಪಿಲ್ಲ.

ಸರ್ಕಾರದ ಪರಿಹಾರವಾದರೂ ಇದೆಯಲ್ಲ ಎನ್ನಬಹುದು. ಇದೆ, ಸತ್ತವರಿಗೆ. ಪ್ರಕೃತಿ ವಿಕೋಪದಲ್ಲಿ ಜೀವ ಹೋದರೆ ವಿಪತ್ತು ನಿಧಿಯಿಂದ 4 ಲಕ್ಷ, ಅದರ ಮೇಲೆ ನಮ್ಮ ರಾಜ್ಯದ 1 ಲಕ್ಷ, ಒಟ್ಟು 5 ಲಕ್ಷ. ಸಿಡಿಲು ಬಡಿದ ಮನೆಗೆ ಶಾಸಕರು, ತಹಶೀಲ್ದಾರರು ಚೆಕ್ ಹಿಡಿದು ಬರುವ ಫೋಟೋ ನೀವೂ ನೋಡಿರುತ್ತೀರಿ. ಗಾಯಗೊಂಡವರಿಗೆ ಅದೇ ನಿಧಿಯ 2022ರಿಂದಿನ ದರಪಟ್ಟಿಯಲ್ಲಿ ಏನಿದೆ? ತೀವ್ರ ಗಾಯವಾಗಿ ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ 16,000 ರೂಪಾಯಿ, ಅದಕ್ಕಿಂತ ಕಡಿಮೆ ದಿನವಾದರೆ 5,400. ಅಂಗವೈಕಲ್ಯ ಶೇ 40ರಿಂದ 60ರಷ್ಟಾದರೆ 74,000, ಅದಕ್ಕೂ ಹೆಚ್ಚಾದರೆ ಎರಡೂವರೆ ಲಕ್ಷ. ಸೊಂಟ ಮುರಿದ ಹುಡುಗ ಇನ್ನು ನಲವತ್ತು ವರ್ಷ ಬದುಕಬೇಕು. ಅವನಿಗೆ ಈ ಹಣವಾದರೂ ಸಿಗುತ್ತಿತ್ತೇ? ಗಾಳಿ ಎತ್ತಿ ಬೀಳಿಸಿದ್ದನ್ನು ವಿಕೋಪ ಎಂದು ಯಾರು ಬರೆದುಕೊಡುತ್ತಾರೆ?

ಲೆಕ್ಕದ ಪುಸ್ತಕವೂ ಸತ್ತವರದ್ದೇ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಜನ, ಬಿಸಿಲಾಘಾತಕ್ಕೆ 730 ಜನ ಸತ್ತರು. ಸಿಡಿಲು ತಾಗಿಯೂ ಬದುಕಿ ಉಳಿಯುವವರು ಎಷ್ಟೋ ಜನ. ಕಿವಿಯ ತಮಟೆ ಹರಿದು, ನರ ಸತ್ತು, ಮರೆವು ಹತ್ತಿ, ಕೈನಡುಕದಿಂದ ಕರಣೆ ಹಿಡಿಯಲಾರದೆ ಬದುಕುತ್ತಾರೆ. ಅವರು ಯಾವ ಪಟ್ಟಿಯಲ್ಲೂ ಇಲ್ಲ.

ಬಿಸಿಲಿನ ಗಾಯ ಇನ್ನೂ ಮೋಸದ್ದು. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲೇ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ತಾರಸಿಯ ಮೇಲೆ ಕಂಬಿ ಕಟ್ಟುವವನ ಅಂಗೈಯನ್ನು ಕೇಳಿ, ಅಲ್ಲಿ ಎಷ್ಟಿತ್ತೆಂದು ಅದು ಹೇಳುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಕಣ್ಣು ಕತ್ತಲಿಟ್ಟು ಬಿದ್ದವನ ಚೀಟಿಯಲ್ಲಿ ‘ಕಾಲು ಜಾರಿ ಬಿದ್ದ’ ಎಂದೇ ಬರೆಯುತ್ತಾರೆ. ಬಿಸಿಲು ತಪ್ಪಿಸಿಕೊಂಡಿತು. ನೀರು ಕಡಿಮೆ ಕುಡಿದು ಮೂತ್ರಪಿಂಡ ಕೆಟ್ಟವನ ಚೀಟಿಯಲ್ಲಂತೂ ಸೈಟಿನ ಹೆಸರೇ ಇರುವುದಿಲ್ಲ. ಹೆಂಗಸರು ನೀರು ಕುಡಿಯದಿರುವುದು ಯಾಕೆಂದು ಬೇರೆ ಹೇಳಬೇಕೆ? ಬಹಳಷ್ಟು ಸೈಟುಗಳಲ್ಲಿ ಅವರಿಗೆ ಶೌಚಕ್ಕೆ ಮರೆಯೇ ಇಲ್ಲ.

ಹಿಂದೆ ಗುಡುಗಿದರೆ ‘ಅರ್ಜುನ, ಫಲ್ಗುಣ’ ಎಂದು ಕೂಗಿಕೊಂಡು ಒಳಗೆ ಓಡುತ್ತಿದ್ದೆವು. ಹೆಸರು ಹೇಳಿದ್ದಕ್ಕೆ ಸಿಡಿಲು ತಪ್ಪಿತೋ ಇಲ್ಲವೋ, ಒಳಗೆ ಓಡಿದ್ದಕ್ಕಂತೂ ತಪ್ಪಿರುತ್ತದೆ. ಈಗ ಫೋನೇ ಎಚ್ಚರಿಸುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ಫೋನಿಲ್ಲದವರಿಗೂ ಲೆಕ್ಕ ಸುಲಭ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಇಳಿಯಬೇಕು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ಹತ್ತಬಾರದು. ಸಿಡಿಲು ಬಡಿದವನನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಬೇಕು. ಇಷ್ಟನ್ನು ಪ್ರತಿ ಸೈಟಿನಲ್ಲೂ ಹೇಳಿಕೊಡಬಹುದು, ಹೇಳಿಕೊಡಬೇಕು.

ಆದರೆ ತಿಳಿದರೆ ಇಳಿಯುತ್ತಾರೆ ಅನ್ನುವುದು ತಪ್ಪು ಎಣಿಕೆ. ಮೇಲಿರುವ ಪ್ರತಿಯೊಬ್ಬನಿಗೂ ಅಪಾಯ ಗೊತ್ತು. ಇಳಿದರೆ ಅರ್ಧ ಕೂಲಿ ಎನ್ನುವುದೂ ಗೊತ್ತು. ಬಟವಾಡೆಯಲ್ಲಿ ಇನ್ನೂರೋ ಮುನ್ನೂರೋ ಕಡಿಮೆಯಾದರೆ ಅಂಗಡಿ ಬಾಕಿ ತೀರುವುದಿಲ್ಲ. ಗುತ್ತಿಗೆದಾರನಿಗೆ ಮಿಕ್ಸರ್ ಬಾಡಿಗೆ ಎರಡನೇ ದಿನಕ್ಕೂ ಕಟ್ಟಬೇಕು. ಮನೆಯವರಿಗೆ ಮುಹೂರ್ತ ತಪ್ಪಿತೆಂಬ ಕಳವಳ. ಮೂವರ ನಷ್ಟವನ್ನೂ ಕೊನೆಗೆ ಒಬ್ಬನ ಮೈಮೇಲೆ ಹಾಕಿ ಕೆಲಸ ಮುಂದುವರಿಯುತ್ತದೆ. ಆದ್ದರಿಂದ ನಾನು ಕೇಳುವುದು ಇನ್ನೊಂದು ಜಾಗೃತಿ ಜಾಥಾ ಅಲ್ಲ. ಹವಾಮಾನದಿಂದ ನಿಂತ ಹೊತ್ತಿಗೆ ಕೂಲಿ ಕೊಡಿ.

ಅದಕ್ಕೆ ಹಣ ಇದೆ. ಮೊದಲು 1996ರ ಕಾಯ್ದೆಯಡಿ, ಈಗ ಅದೇ ಸಾಮಾಜಿಕ ಭದ್ರತಾ ಸಂಹಿತೆಯಡಿ, ನಿಗದಿತ ಮಿತಿಗೆ ಮೇಲ್ಪಟ್ಟ ಕಟ್ಟಡಗಳ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಕೆಲಸ ನಿಂತಾಗ ಆ ಹಣವನ್ನು ಆಳಿನ ಖಾತೆಗೆ ನೇರವಾಗಿ ಹಾಕುವುದು ಹೊಸದೇನೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ಮಂಡಳಿಯೇ ನೋಂದಾಯಿತರಿಗೆ ತಲಾ 5,000 ರೂಪಾಯಿ ಹಾಕಿತು. 2021ರ ನವೆಂಬರಿನಲ್ಲಿ ದೆಹಲಿಯ ಹೊಗೆಗಾಳಿಯಿಂದ ಕಟ್ಟಡ ಕೆಲಸ ನಿಂತಾಗ, ನಿಂತಷ್ಟು ದಿನ ಸೆಸ್ ಹಣದಿಂದ ಜೀವನಾಂಶ ಕೊಡಿ ಎಂದು ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತು. ಕೆಟ್ಟ ಗಾಳಿಗೆ ಸಲ್ಲುವ ನ್ಯಾಯ ಬಿರುಗಾಳಿಗೆ ಯಾಕೆ ಸಲ್ಲಬಾರದು? ಫ್ರಾನ್ಸಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲೇ, ಹವಾಮಾನದಿಂದ ಕೆಲಸ ನಿಂತರೆ ಕಟ್ಟಡ ಕಾರ್ಮಿಕರಿಗೆ ಪರಿಹಾರ ಕೊಡುವ ಕಾನೂನು ಬಂತು. ಜರ್ಮನಿಯಲ್ಲಿ 1959ರಲ್ಲಿ ಬಂತು. ಯುದ್ಧದಲ್ಲಿ ಕುಸಿದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ದೇಶಗಳು ಅವು. ನಮ್ಮ ಜನ ದುಡಿಯಲು ಹೋಗುವ ಕತಾರಿನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲು ಕೆಲಸ ನಿಷಿದ್ಧ. ದೋಹಾದಲ್ಲಿ ನೆರಳಿಗೆ ಹೋಗುವ ಹಕ್ಕಿರುವ ಆಳಿಗೆ ದೊಡ್ಡಮಳೂರಿನಲ್ಲಿ ಆ ಹಕ್ಕಿಲ್ಲ.

ಯಾವ ಊರಿನಲ್ಲಿ ಎಷ್ಟು ಹೊತ್ತು ಮಳೆಯಾಯಿತು ಎಂದು ಯಾರು ಹೇಳಬೇಕು ಎಂದು ಅಧಿಕಾರಿಗಳು ಕೇಳುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿರುವ ರಾಜ್ಯ ನಮ್ಮದು. ಬೆಳೆ ವಿಮೆಗೆ ನಂಬುವ ಆ ಅಂಕಿಯನ್ನು ಆಳಿನ ಕೂಲಿಗೂ ನಂಬಲಿ. ನಕಲಿ ಕಾರ್ಡುಗಳ ಹಾವಳಿ ಇದೆಯಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯದು, ಅದು ನಿಜವೂ ಹೌದು. ಬಾಂಡ್ಲಿ ಮುಟ್ಟದವರ ಕೈಯಲ್ಲಿ ಕಾರ್ಡಿರುವುದನ್ನು ಕಂಡಿದ್ದೇನೆ. ಅಸಲಿ ಆಳುಗಳಲ್ಲಿ, ಅದರಲ್ಲೂ ಹೊರಗಿನಿಂದ ಬಂದವರಲ್ಲಿ, ಕಾರ್ಡೇ ಇಲ್ಲದವರನ್ನೂ ಕಂಡಿದ್ದೇನೆ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ವಾರಕ್ಕೊಂದು ಸೈಟು ಬದಲಿಸುವವನಿಗೆ ಅದನ್ನು ಯಾರು ಬರೆದುಕೊಡುತ್ತಾರೆ? ಸೆಸ್ ಕಟ್ಟಿಸಿಕೊಳ್ಳುವಾಗಲೇ ಆ ಸೈಟಿನ ದಿನದ ಹಾಜರಿಯನ್ನೂ ಫೋನಿನಲ್ಲಿ ದಾಖಲಿಸುವಂತೆ ಮಾಡಿದರೆ ಎರಡು ಕಾಯಿಲೆಗೂ ಒಂದೇ ಮದ್ದಾಗುತ್ತದೆ. ಗಾಯದ ದಾಖಲೆಯೂ ಅಲ್ಲೇ ಬರಲಿ: ಯಾರು, ಎಲ್ಲಿ, ಆಗ ಹವಾಮಾನ ಹೇಗಿತ್ತು.

ಕಟ್ಟಡದವರಿಗಾದರೂ ಒಂದು ಮಂಡಳಿ ಇದೆ. ಗುತ್ತಿಗೆ ಹಿಡಿದ ತೋಟದಲ್ಲಿ ಬಾದಾಮಿ, ಸೇಂದೂರ ಕೀಳಲು ಮರದ ತುದಿಯಲ್ಲಿ ನಿಂತವರಿಗೆ ಅದೂ ಇಲ್ಲ. ನಮ್ಮ ಜಿಲ್ಲೆಯ ಮಾವಿನ ಸುಗ್ಗಿಯೂ ಸಿಡಿಲಿನ ಸುಗ್ಗಿಯೂ ಒಟ್ಟಿಗೇ ಬರುತ್ತವೆ. ಒದ್ದೆ ತೆಂಗಿನ ಮರ ಹತ್ತುವವರು, ಗಾಳಿಗೆ ಉರುಳಿದ ಕಂಬವನ್ನು ಮಳೆಯಲ್ಲೇ ಎತ್ತುವ ಲೈನ್‌ಮನ್‌ಗಳು, ಕಲ್ಲು ಕ್ವಾರಿಯವರು, ಇವರ ಮಾತನ್ನು ಅವರವರೇ ಬರೆಯುವುದು ಮೇಲು. ನನಗೆ ಗೊತ್ತಿರುವುದು ತಾರಸಿಯ ಮೇಲಿನ ಸಂಗತಿ.

ಆ ಅನುಭವದಿಂದ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಮೋಲ್ಡನ್ನು ಮಧ್ಯದಲ್ಲಿ ನಿಲ್ಲಿಸಿದರೆ ತಾರಸಿ ಕೆಡುತ್ತದೆ ಎಂದು ಹೆದರಿಸಿದವರನ್ನು ನಂಬಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲೇ ನಿಲ್ಲಿಸಿ ಮುಂದುವರಿಸುವ ಜೋಡಣೆಗೆ ಜಾಗವಿದೆ. ಎಲ್ಲಿ ನಿಲ್ಲಿಸಬಹುದು ಎಂದು ಎಂಜಿನಿಯರ್ ಹತ್ತಿರ ಮೊದಲೇ ಗುರುತು ಹಾಕಿಸಿಕೊಳ್ಳಿ. ಆ ಗೆರೆಗೆ ಹಲಗೆ ಕೊಟ್ಟು ನೇರವಾಗಿ ಕಡಿದು ನಿಲ್ಲಿಸಿ, ಹಾಕಿದ್ದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಳಿಯಬೇಕು. ಮಾರನೆಯ ದಿನ ಅಂಚನ್ನು ಕೆತ್ತಿ, ತೊಳೆದು, ಸಿಮೆಂಟ್ ಹಾಲು ಬಳಿದು ಮುಂದುವರಿಸಿದರೆ ಸಾಕು. ಹೀಗೆ ಎರಡು ದಿನದಲ್ಲಿ ಬಿದ್ದ ತಾರಸಿಗಳು ನಮ್ಮೂರಲ್ಲಿ ಗಟ್ಟಿಯಾಗಿ ನಿಂತಿವೆ, ಅವುಗಳಲ್ಲಿ ಕೆಲವನ್ನು ಹಾಕಿಸಿದವನು ನಾನೇ.

ಗುತ್ತಿಗೆ ಕರಾರಿನಲ್ಲಿ ಎರಡು ಸಾಲು ಸೇರಿಸಿ: ಗುಡುಗು ಕೇಳಿದರೆ ಎಲ್ಲರೂ ಇಳಿಯಬೇಕು, ಆ ದಿನದ ಕೂಲಿ ಪೂರ್ತಿ ಸಲ್ಲಬೇಕು. ಲಕ್ಷಗಟ್ಟಲೆ ಖರ್ಚಿನ ಮನೆಗೆ ಅದು ದೊಡ್ಡ ಮೊತ್ತವಲ್ಲ. ಕಾರ್ಮಿಕ ಇಲಾಖೆಗೂ ಕಲ್ಯಾಣ ಮಂಡಳಿಗೂ ನನ್ನ ಕೋರಿಕೆ: ಹವಾಮಾನದಿಂದ ನಿಂತ ಕೆಲಸಕ್ಕೆ ಸೆಸ್ ನಿಧಿಯಿಂದ ಕೂಲಿ ಕೊಡುವ ಆದೇಶ ಹೊರಡಿಸಿ, ಮೊದಲು ನಮ್ಮ ಚನ್ನಪಟ್ಟಣ ತಾಲ್ಲೂಕಿನಲ್ಲೇ ಮಾಡಿ ನೋಡಿ. ಅಶ್ವಿನಿ ಮಳೆ ಏಪ್ರಿಲ್ ಮಧ್ಯದಲ್ಲಿ ಹುಟ್ಟುತ್ತದೆ. ಆದೇಶ ಅದಕ್ಕೂ ಮುಂಚೆ ಬರಬೇಕು.